ಕೈಪಿಡಿ ಕನ್ನಡಕ್ಕೆ ಬಂದ ಮೇಲೆ

(ಕುದ್ರೋಳಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಕುದ್ರೋಳಿಯಲ್ಲಿ ಸೇರಿರುವ ತಮಗೆ ಗೋಕರ್ಣನಾಥೇಶ್ವರ ದೇವಸ್ಥಾನದ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಆದರೂ ಈ ದಿನದ ವಿಷಯಕ್ಕೆ ಅಲ್ಲಿಂದಲೇ ಪ್ರವೇಶಿಸುವುದು ಸುಲಭ. 1912ರಲ್ಲಿ ನಾರಾಯಣ ಗುರುಗಳು ಇಲ್ಲಿ ಪ್ರತಿಷ್ಠೆ ನೆರವೇರಿಸಿದಾಗ ಇದ್ದ ಗುಡಿ ಕೇರಳದ ಶೈಲಿಯದು. ಇಂದು ಕಾಣುವ ಚೋಳ ಶೈಲಿಯ ಗೋಪುರ, 1991ರಲ್ಲಿ ಮುಗಿದ ಜೀರ್ಣೋದ್ಧಾರದ ಫಲ. 1980ರ ಸುಮಾರಿಗೆ ಯಾರೋ ಮಂಗಳೂರಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ರವಾಸಿ ಕೈಪಿಡಿ ಬರೆದಿದ್ದರು, ಇನ್ಯಾರೋ ಅದನ್ನು ಕನ್ನಡಕ್ಕೆ ತಂದಿದ್ದರು ಎಂದು ಕಲ್ಪಿಸಿಕೊಳ್ಳಿ. 1991ರ ನಂತರ ಇಂಗ್ಲಿಷ್ ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ಕನ್ನಡದ್ದು ಇದ್ದಂತೆಯೇ ಉಳಿಯಿತು. ಆ ಕನ್ನಡ ಪುಸ್ತಕದಲ್ಲಿ ಅಚ್ಚಿನ ದೋಷವಿಲ್ಲ, ವ್ಯಾಕರಣದ ದೋಷವಿಲ್ಲ, ಅನುವಾದಕ ಮೂಲಕ್ಕೆ ದ್ರೋಹ ಬಗೆದಿಲ್ಲ. ಆದರೂ ಅದನ್ನು ಕೈಯಲ್ಲಿ ಹಿಡಿದು ಬಂದ ಪ್ರವಾಸಿ ಗೋಪುರದೆದುರು ನಿಂತು, ತಪ್ಪು ಜಾಗದಲ್ಲಿ ಇಳಿಸಿದ್ದೀರಿ ಎಂದು ರಿಕ್ಷಾ ಚಾಲಕನೊಡನೆ ಜಗಳಕ್ಕೆ ನಿಲ್ಲುತ್ತಾನೆ.

ಗುಡಿಯ ರೂಪ ಬದಲಾಗಲು 79 ವರ್ಷ ಹಿಡಿಯಿತು. ಗಣಕದ ತಂತ್ರಾಂಶಗಳಲ್ಲಿ ಗೋಪುರ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಲಿನಕ್ಸ್ ಗಣಕಗಳ ಪರದೆಯನ್ನು ರೂಪಿಸುವ ಗ್ನೋಮ್ ಎಂಬ ತಂತ್ರಾಂಶ ಪ್ರತಿವರ್ಷ ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿಗೆ ಹೊಸ ಆವೃತ್ತಿಯನ್ನು ಹೊರತರುತ್ತದೆ. ಉಬುಂಟು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ. ಅಂತರಜಾಲದಲ್ಲೇ ನಡೆಯುವ ಸೇವೆಗಳಿಗಂತೂ ಆವೃತ್ತಿ ಎಂಬ ಲೆಕ್ಕವೇ ಇಲ್ಲ. ರಾತ್ರಿ ಮಲಗುವಾಗ ಎಡಗಡೆ ಇದ್ದ ಗುಂಡಿ ಬೆಳಿಗ್ಗೆ ಏಳುವಾಗ ಬಲಗಡೆಗೆ ಹೋಗಿರುತ್ತದೆ. ಹೀಗೆ ಓಡುವ ವಸ್ತುವಿನ ಬಗ್ಗೆ ಬರೆದ ಸಹಾಯ ಪುಟಗಳನ್ನು, ಅದೂ ಕನ್ನಡಕ್ಕೆ ಅನುವಾದಿಸಿದ ಪುಟಗಳನ್ನು, ಹಳಸದಂತೆ ಇಟ್ಟುಕೊಳ್ಳುವುದು ಹೇಗೆ ಎಂಬುದು ಈ ಉಪನ್ಯಾಸದ ವಿಷಯ.

ಇದು ಗಣಕ ತಜ್ಞರ ತಲೆನೋವು, ಉಳಿದವರಿಗೇನು ಎಂದು ಕೇಳಬಹುದು. ಒಂದು ಉದಾಹರಣೆ ನೋಡಿ. ಗೂಗಲ್ ಡ್ರೈವ್ ಎಂಬ ಸೇವೆಯಲ್ಲಿ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಇಡುವವರು ಬಹಳ ಮಂದಿ. ಅಲ್ಲಿ ಅಳಿಸಿದ ಕಡತ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. 2020ರ ಅಕ್ಟೋಬರ್‌ವರೆಗೆ, ಬುಟ್ಟಿಯನ್ನು ನೀವೇ ಬರಿದು ಮಾಡುವ ತನಕ ಅದು ಅಲ್ಲೇ ಇರುತ್ತಿತ್ತು. ಆ ತಿಂಗಳಿನಿಂದ ನಿಯಮ ಬದಲಾಯಿತು. 30 ದಿನ ಕಳೆದರೆ ಬುಟ್ಟಿಯಲ್ಲಿದ್ದದ್ದು ತಾನಾಗಿ ಅಳಿದುಹೋಗುತ್ತದೆ. ಹಳೆಯ ನಿಯಮವನ್ನು ಹೇಳುವ ಕನ್ನಡ ಪುಟವೊಂದು ಎಲ್ಲಾದರೂ ಉಳಿದಿದ್ದು, ಅದನ್ನು ನಂಬಿದ ಶಾಲಾ ಮಾಸ್ತರರೊಬ್ಬರು ವಾರ್ಷಿಕೋತ್ಸವದ ಚಿತ್ರಗಳನ್ನು ಬೇಸಗೆ ರಜೆ ಮುಗಿದ ಮೇಲೆ ಬುಟ್ಟಿಯಿಂದ ಎತ್ತಿಕೊಳ್ಳೋಣವೆಂದು ಬಿಟ್ಟರೆ, ಜೂನ್ ತಿಂಗಳಲ್ಲಿ ಬುಟ್ಟಿ ಖಾಲಿ.

ಇಂಗ್ಲಿಷ್ ಬಲ್ಲವನಿಗೆ ಅನುಮಾನ ಬಂದರೆ ಮೂಲ ಪುಟವನ್ನು ತೆರೆದು ನೋಡುತ್ತಾನೆ. ಅವನಿಗೆ ಅನುವಾದ ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದದ್ದು ಮೂಲವನ್ನು ಓದಲಾರದವನಿಗೆ. ಅನುವಾದ ಹಳಸಿದೆಯೆಂದು ಪತ್ತೆ ಹಚ್ಚಲು ಸಾಧ್ಯವೇ ಇಲ್ಲದವನೂ ಅವನೇ. ಯಾರ ಸಲುವಾಗಿ ಕೆಲಸ ಮಾಡಲಾಯಿತೋ ಅವರಿಗೇ ಅದರ ಏಟು ಬೀಳುತ್ತದೆ. ಇಲ್ಲದ ಪುಟದಿಂದ ಯಾರೂ ಮೋಸ ಹೋಗುವುದಿಲ್ಲ. ಪಕ್ಕದ ಮನೆಯ ಹುಡುಗನನ್ನು ಕೇಳುತ್ತಾರೆ, ಅಷ್ಟೆ.

ಅಚ್ಚಿನ ಪುಸ್ತಕಕ್ಕೆ ಈ ಕಾಯಿಲೆ ಇರಲಿಲ್ಲವೇ? ಇತ್ತು, ಆದರೆ ಲಕ್ಷಣ ಹೊರಗೆ ಕಾಣುತ್ತಿತ್ತು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಇದೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾಯಿತು. ಅದನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳಲ್ಲಿ ಹೊರತರುವಾಗ 1968 ಕಳೆದಿತ್ತು. ನಡುವಿನ ಮುಕ್ಕಾಲು ಶತಮಾನ ಕಾಲ ಕಿಟ್ಟೆಲರ ಮೊದಲ ಮುದ್ರಣವನ್ನು ಬಳಸಿದವರು ಮೋಸ ಹೋಗಲಿಲ್ಲ. ಮುಖಪುಟದ ಹಿಂದೆ ಇಸವಿ ಇತ್ತು, ಕಾಗದ ಹಳದಿಯಾಗಿತ್ತು, ಬೆನ್ನು ಹರಿದಿತ್ತು. ಪುಸ್ತಕದ ವಯಸ್ಸು ಪುಸ್ತಕದ ಮೈಮೇಲೆಯೇ ಇತ್ತು. ಜಾಲತಾಣದ ಪುಟಕ್ಕೆ ಗೆದ್ದಲು ಹಿಡಿಯುವುದಿಲ್ಲ. ಹದಿನೈದು ವರ್ಷದ ಹಿಂದಿನ ಪುಟವೂ ನಿನ್ನೆಯ ಪುಟವೂ ಒಂದೇ ಬಿಳುಪಿನಲ್ಲಿ ಹೊಳೆಯುತ್ತವೆ. ಹುಡುಕುವ ಯಂತ್ರ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿ ತೋರಿಸುತ್ತದೆ.

ಕನ್ನಡಿಗರಿಗೆ ಇದರ ಅನುಭವ ಆದದ್ದು ಗಣಕದಲ್ಲಿ ಕನ್ನಡವನ್ನೇ ಮೂಡಿಸುವ ವಿಚಾರದಲ್ಲಿ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಅಂದರೆ ಕುದ್ರೋಳಿಯ ಹೊಸ ಗೋಪುರದ ವರ್ಷದಲ್ಲೇ. ಕನ್ನಡಕ್ಕೆ ಅದರಲ್ಲಿ ಆಗಲೇ ಸ್ಥಾನವಿತ್ತು. ಆದರೆ ಸಾಮಾನ್ಯ ಗಣಕಗಳಿಗೆ ಅದು ಇಳಿಯಲು ಹತ್ತು ವರ್ಷ ಬೇಕಾಯಿತು. ಅಲ್ಲಿಯವರೆಗೆ ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್. ‘ಈ ಪುಟ ಓದಲು ಇಂಥ ಫಾಂಟನ್ನು ಇಳಿಸಿಕೊಳ್ಳಿ’ ಎಂಬ ಸೂಚನೆ ಪ್ರತಿ ತಾಣದ ಬಾಗಿಲಲ್ಲೂ ತೂಗುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು, ಜೊತೆಗೆ ತುಂಗಾ ಎಂಬ ಕನ್ನಡ ಫಾಂಟೂ ಬಂತು. ಆದರೆ ಒತ್ತಕ್ಷರಗಳು ಸರಿಯಾಗಿ ಕೂರಬೇಕಾದರೆ ನಿಯಂತ್ರಣ ಫಲಕದಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ, ಕ್ಲಿಷ್ಟ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ, ಕೇಳಿದಾಗ ಎಕ್ಸ್‌ಪಿಯ ಸಿ.ಡಿ.ಯನ್ನು ಹಾಕಬೇಕಾಗಿತ್ತು. ಈ ವಿಧಾನವನ್ನು ಕನ್ನಡದಲ್ಲಿ ವಿವರಿಸಿದವರು ದೊಡ್ಡ ಉಪಕಾರ ಮಾಡಿದರು. 2007ರಲ್ಲಿ ವಿಸ್ತಾ ಬಂದಾಗ ಆ ಗುರುತೂ ಬೇಡ, ಸಿ.ಡಿ.ಯೂ ಬೇಡ ಎಂದಾಯಿತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲಿನಲ್ಲಿ. ಆದರೆ ‘ಸಿ.ಡಿ. ಹಾಕಿ’ ಎಂದು ಹೇಳುವ ಪುಟವನ್ನು ಯಾರೂ ನಿಲ್ಲಿಸದಿದ್ದರೆ ಅದು ಹೇಳುತ್ತಲೇ ಇರುತ್ತದೆ. ಸಿ.ಡಿ. ತೂರಿಸುವ ಕಿಂಡಿಯೇ ಇಲ್ಲದ ಗಣಕದ ಮುಂದೆ ಕುಳಿತವನು, ಕನ್ನಡಕ್ಕೆ ಇಷ್ಟು ರಗಳೆಯೇ ಎಂದು ಇಂಗ್ಲಿಷಿಗೆ ಮರಳುತ್ತಾನೆ. ಈ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಉದಾಹರಣೆಯೂ ಈ ಊರಿನ ಆಸುಪಾಸಿನದೇ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನೇ ಇಂದು ಅನೇಕ ಕನ್ನಡಿಗರು ‘ನುಡಿ’ ವಿನ್ಯಾಸವೆಂದು ಬಳಸುತ್ತಾರೆ. ಇಂಗ್ಲಿಷಿನ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ಗಣಕಗಳು ಬದಲಾದವು, ಫಾಂಟುಗಳು ಬದಲಾದವು, ಸಂಕೇತ ವ್ಯವಸ್ಥೆಯೇ ಬದಲಾಯಿತು. ಆದರೆ ಯಾವ ಕೀಲಿಗೆ ಯಾವ ಅಕ್ಷರ ಎಂದು ಹೇಳುವ ಪುಟ ಇಪ್ಪತ್ತು ವರ್ಷ ಕಳೆದರೂ ಸತ್ಯವಾಗಿಯೇ ಇದೆ. ಹಳಸಿದ್ದು, ಆ ವಿನ್ಯಾಸವನ್ನು ಗಣಕದಲ್ಲಿ ಅಳವಡಿಸಿಕೊಳ್ಳುವುದು ಹೇಗೆ ಎಂದು ಹೇಳುವ ಭಾಗ. ಈ ಎರಡನ್ನೂ ಒಂದೇ ಪುಟದಲ್ಲಿ ಕಲಸಿ ಬರೆದರೆ, ಹಾಳಾದ ಅರ್ಧ ಒಳ್ಳೆಯ ಅರ್ಧವನ್ನೂ ಕೆಡಿಸುತ್ತದೆ. ಬೇಗ ಬದಲಾಗುವುದನ್ನೂ ನಿಧಾನವಾಗಿ ಬದಲಾಗುವುದನ್ನೂ ಬೇರೆಬೇರೆ ಡಬ್ಬಿಯಲ್ಲಿಡುವುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಉಪ್ಪಿನಕಾಯಿಯ ಭರಣಿಗೆ ಯಾರೂ ಮೊಸರು ಸುರಿಯುವುದಿಲ್ಲ.

ಇನ್ನು ಉಪಾಯಗಳ ವಿಚಾರ. ಮುಕ್ತ ತಂತ್ರಾಂಶದ ಲೋಕದಲ್ಲಿ 1990ರ ದಶಕದಿಂದ ಬಳಕೆಯಲ್ಲಿರುವ ‘ಗೆಟ್‌ಟೆಕ್ಸ್ಟ್’ ಎಂಬ ವ್ಯವಸ್ಥೆ ಬಹಳ ಸರಳವಾದ ಒಂದು ತತ್ತ್ವದ ಮೇಲೆ ನಿಂತಿದೆ. ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಪ್ರತ್ಯೇಕವಾಗಿ ಬರೆದು, ಕೆಳಗೆ ಅದರ ಅನುವಾದವನ್ನು ಜೋಡಿಸಿಡುವುದು. ಪುರೋಹಿತರ ಪಂಚಾಂಗದಂತೆ ಸಾಲಿಗೆ ಸಾಲು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಯಂತ್ರವೇ ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ತಾಳೆ ನೋಡುತ್ತದೆ. ಮೂಲ ವಾಕ್ಯ ಬದಲಾಗದಿದ್ದರೆ ಅನುವಾದ ಹಾಗೆಯೇ ಉಳಿಯುತ್ತದೆ. ಸ್ವಲ್ಪ ಬದಲಾಗಿದ್ದರೆ ಹಳೆಯ ಅನುವಾದವನ್ನು ಬಿಸಾಡದೆ, ಅದಕ್ಕೆ ‘ಫಝಿ’, ಅಂದರೆ ಮಸುಕು ಎಂಬ ಗುರುತು ಹಾಕಿ ಇಡುತ್ತದೆ. ಮನುಷ್ಯನೊಬ್ಬ ಬಂದು ನೋಡಿ ಗುರುತನ್ನು ತೆಗೆಯುವವರೆಗೆ ಆ ಸಾಲು ಬಳಕೆದಾರನಿಗೆ ಕಾಣುವುದಿಲ್ಲ. ಅದರ ಜಾಗದಲ್ಲಿ ಇಂಗ್ಲಿಷ್ ವಾಕ್ಯವೇ ಕಾಣುತ್ತದೆ.

ಮನುಷ್ಯನೇ ಯಾಕೆ ನೋಡಬೇಕು? ಎರಡು ಊರುಗಳ ಹೆಸರನ್ನೇ ತೆಗೆದುಕೊಳ್ಳಿ. 2001ರಲ್ಲಿ ಇಂಗ್ಲಿಷಿನ ಕ್ಯಾಲ್ಕಟಾ ಅಧಿಕೃತವಾಗಿ ಕೊಲ್ಕತಾ ಆಯಿತು. ಗಣಕಗಳಲ್ಲಿ ಭಾರತದ ಕಾಲಮಾನವನ್ನು ಸೂಚಿಸುವ ಹೆಸರು ಆ ಊರಿನದೇ. ಅದನ್ನೂ 2008ರಲ್ಲಿ ಬದಲಾಯಿಸಲಾಯಿತು. ಆಗ ‘ಕಲ್ಕತ್ತ’ ಎಂದಿದ್ದ ಕನ್ನಡ ಅನುವಾದವನ್ನೂ ತಿದ್ದಬೇಕಾಗಿತ್ತು. 2014ರ ನವೆಂಬರ್ 1ರಂದು ಮ್ಯಾಂಗಲೋರ್ ಎಂಬ ಇಂಗ್ಲಿಷ್ ಹೆಸರು ಮಂಗಳೂರು ಎಂದಾಯಿತು. ಇಲ್ಲಿ ತಿದ್ದಬೇಕಾದದ್ದು ಇಂಗ್ಲಿಷನ್ನು ಮಾತ್ರ. ಕನ್ನಡದಲ್ಲಿ ಅದು ಮೊದಲಿನಿಂದಲೂ ಮಂಗಳೂರೇ. ಈ ಒಂದು ವಿಷಯದಲ್ಲಿ ಅನುವಾದ ಮೂಲಕ್ಕಿಂತ ಮುಂದಿತ್ತು! ಆದರೆ ಯಂತ್ರದ ಕಣ್ಣಿಗೆ ಎರಡೂ ಒಂದೇ. ಮೂಲ ಬದಲಾಗಿದೆ, ಆದ್ದರಿಂದ ಅನುವಾದ ಮಸುಕು. ಒಂದನ್ನು ತಿದ್ದಿ ಇನ್ನೊಂದನ್ನು ಹಾಗೆಯೇ ಬಿಡಲು ಎರಡೂ ಭಾಷೆ ಬಲ್ಲವರೊಬ್ಬರು ಐದು ನಿಮಿಷ ಕೂರಬೇಕು. ಸಾವಿರಾರು ಸಾಲುಗಳಿಗೆ ಅಂಥ ಐದು ನಿಮಿಷಗಳನ್ನು ಒದಗಿಸುವುದೇ ಇಡೀ ಸಮಸ್ಯೆ.

ಅನುಮಾನವಿದ್ದಲ್ಲಿ ಇಂಗ್ಲಿಷನ್ನೇ ತೋರಿಸುವ ಈ ಕ್ರಮದ ಬಗ್ಗೆ ಕನ್ನಡದ ಕಾರ್ಯಕರ್ತರಲ್ಲಿ ಅಸಮಾಧಾನ ಇರುವುದು ಸಹಜ. ಪರದೆ ತೆರೆದರೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್; ನೋಡಲು ಚೆನ್ನಾಗಿಲ್ಲ. ಆದರೆ ಹಣ, ಗುಪ್ತಪದ, ಕಡತ ಅಳಿಸುವುದು ಇಂಥ ವಿಷಯಗಳಲ್ಲಿ ಈ ಕ್ರಮವೇ ಸರಿ. ‘ಇದು ಗೊತ್ತಿಲ್ಲ’ ಎನ್ನುವ ವೈದ್ಯ, ಹಳೆಯ ಚೀಟಿಯನ್ನೇ ನೋಡಿ ಔಷಧಿ ಕೊಡುವ ವೈದ್ಯನಿಗಿಂತ ಲೇಸು. ಹಾಗೆಂದು ‘ಧನ್ಯವಾದ’ ಎಂಬ ಪದವನ್ನೂ ಅದರ ಮುಂದೆ ಒಂದು ಬಿಂದು ಸೇರಿತೆಂಬ ಕಾರಣಕ್ಕೆ ಮಸುಕುಗೊಳಿಸುವುದು ಅತಿಯಾಯಿತು.

ಉದ್ದನೆಯ ಪುಟಗಳಿಗೆ ಬೇರೆ ದಾರಿಗಳಿವೆ. ಡೆಬಿಯನ್ ಯೋಜನೆಯ ಜಾಲತಾಣದಲ್ಲಿ ಅನುವಾದಿತ ಪುಟದ ತಲೆಯಲ್ಲೇ, ಅದು ಮೂಲದ ಯಾವ ತಿದ್ದುಪಡಿಯನ್ನು ನೋಡಿ ಮಾಡಿದ ಅನುವಾದ ಎಂಬ ಗುರುತನ್ನು ಬರೆದಿಡುತ್ತಾರೆ. ಮೂಲ ಬಹಳ ಮುಂದೆ ಹೋಗಿದ್ದರೆ, ‘ಈ ಅನುವಾದ ಹಳೆಯದಾಗಿದೆ, ಮೂಲವನ್ನು ನೋಡಿ’ ಎಂಬ ಸೂಚನೆ ಓದುಗನಿಗೆ ತಾನಾಗಿ ಕಾಣಿಸಿಕೊಳ್ಳುತ್ತದೆ. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶದ ಕೈಪಿಡಿಯನ್ನು ಕಂಡಿಕೆಗಳಾಗಿ ಒಡೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಅನುವಾದಕ್ಕೆ ಇಡುತ್ತಾರೆ. ಮೂಲದಲ್ಲಿ ಒಂದು ಕಂಡಿಕೆ ಬದಲಾದರೆ ಅನುವಾದದಲ್ಲಿ ಆ ಕಂಡಿಕೆಯ ಹಿನ್ನೆಲೆ ಮಾತ್ರ ನಸುಗೆಂಪಾಗುತ್ತದೆ. ಉಳಿದದ್ದನ್ನು ನಂಬಬಹುದು, ಇಷ್ಟನ್ನು ಎಚ್ಚರದಿಂದ ಓದು ಎಂದು ಅರ್ಥ. ಕಾಗದ ಹಳದಿಯಾಗುತ್ತಿದ್ದುದಕ್ಕೆ ಗಣಕ ಕಂಡುಕೊಂಡ ಬದಲಿ ಇದೇ ಇರಬೇಕು. ವಿಕಿಪೀಡಿಯಕ್ಕೆ ಇದು ಅಗತ್ಯವೂ ಹೌದು. 2013ರಲ್ಲಿ ಅಲ್ಲಿ ಬರೆಯುವ ವಿಧಾನಕ್ಕೆ ದೃಶ್ಯ ಸಂಪಾದಕ ಸೇರಿತು. ಆಮೇಲೆ 2022ರ ಹೆಸರು ಹೊತ್ತ ಹೊಸ ವಿನ್ಯಾಸದಲ್ಲಿ, ಎಡಬದಿಯಲ್ಲಿದ್ದ ಭಾಷೆಗಳ ಪಟ್ಟಿ ಪುಟದ ಮೇಲ್ಭಾಗಕ್ಕೆ ಹೋಯಿತು. ‘ಬೇರೆ ಭಾಷೆಯಲ್ಲಿ ಓದಲು ಎಡಗಡೆ ನೋಡಿ’ ಎಂಬ ಒಂದು ಸಾಲು ಎಷ್ಟು ಭಾಷೆಗಳ ಎಷ್ಟು ಪುಟಗಳಲ್ಲಿ ಸುಳ್ಳಾಯಿತೆಂದು ಊಹಿಸಿಕೊಳ್ಳಬಹುದು.

ಉಪಾಯಗಳಿಗೆ ಬರವಿಲ್ಲ, ಬರ ಇರುವುದು ಜನಕ್ಕೆ. ಕನ್ನಡದ ಮುಕ್ತ ತಂತ್ರಾಂಶ ಅನುವಾದದ ಬಹುಪಾಲು ಬೆರಳೆಣಿಕೆಯ ಮಂದಿಯ ದುಡಿಮೆ. ಕೆಲವರಿಗೆ ಅದು ಕಂಪೆನಿಯ ಉದ್ಯೋಗದ ಭಾಗವಾಗಿತ್ತು. ಹೆಚ್ಚಿನವರಿಗೆ ಭಾನುವಾರದ ಹವ್ಯಾಸ. ಒಬ್ಬರ ಉದ್ಯೋಗ ಬದಲಾದರೆ, ಮನೆಯಲ್ಲಿ ಮಗು ಹುಟ್ಟಿದರೆ, ಒಂದು ಇಡೀ ತಂತ್ರಾಂಶದ ಕನ್ನಡ ಅಲ್ಲಿಗೇ ನಿಲ್ಲುತ್ತದೆ. ಹೊಸದನ್ನು ಅನುವಾದಿಸಿದಾಗ ಪತ್ರಿಕೆಯಲ್ಲಿ ಸುದ್ದಿ, ಸಮಾರಂಭ, ಶಾಲು. ಇದ್ದದ್ದನ್ನು ಹಳಸದಂತೆ ನೋಡಿಕೊಂಡವರಿಗೆ ಶಾಲು ಹೊದೆಸಿದ ಉದಾಹರಣೆ ಇದ್ದರೆ ಬಹಳ ಅಪರೂಪ. ಬಾವಿ ತೋಡಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ, ಹೂಳು ತೆಗೆದವರದ್ದಲ್ಲ.

ಅಂಕಿಅಂಶಗಳೂ ಇದನ್ನು ಮರೆಮಾಚುತ್ತವೆ. ಗ್ನೋಮ್ ಯೋಜನೆಯವರು ಯಾವ ಭಾಷೆಯಲ್ಲಿ ಶೇಕಡಾ ಎಷ್ಟು ಅನುವಾದವಾಗಿದೆಯೆಂದು ತೋರಿಸುವ ತಾಣಕ್ಕೆ ‘ಹಸಿ ಸುಳ್ಳುಗಳು’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಟ್ಟವರ ಪ್ರಾಮಾಣಿಕತೆ ಮೆಚ್ಚಬೇಕಾದದ್ದು. ಅವರ ಲೆಕ್ಕದಲ್ಲಿ ಶೇಕಡಾ 80 ದಾಟಿದ ಭಾಷೆಗೆ ಬೆಂಬಲವಿದೆ ಎಂದು ಅರ್ಥ. ಆದರೆ ಉಳಿದ 20 ಯಾವುದು? ಯಾರೂ ತೆರೆಯದ ಮೂಲೆಯದೋ, ದಿನಾ ಬಳಸುವ ಪುಟದ್ದೋ? ಶೇಕಡಾವಾರು ಅದನ್ನು ಹೇಳುವುದಿಲ್ಲ.

ರಾಶಿ ಹಾಕುವುದಕ್ಕೂ ನೋಡಿಕೊಳ್ಳುವುದಕ್ಕೂ ಇರುವ ಅಂತರವನ್ನು ಕನ್ನಡ ವಿಕಿಪೀಡಿಯ ಒಮ್ಮೆ ಕಣ್ಣಾರೆ ಕಂಡಿದೆ. 2009ರ ನಂತರದ ಒಂದೆರಡು ವರ್ಷ ಗೂಗಲ್ ಸಂಸ್ಥೆ ತನ್ನ ಅನುವಾದದ ಉಪಕರಣವನ್ನು ಬಳಸಿ, ಸಂಭಾವನೆ ಕೊಟ್ಟು, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿ ಕೆಲವು ಭಾರತೀಯ ಭಾಷೆಗಳಿಗೆ ಮಾಡಿಸಿತು. ಸಂಖ್ಯೆ ಬೆಳೆಯಿತು. ಆದರೆ ಅನುವಾದಿಸಿದವರು ಗುತ್ತಿಗೆ ಮುಗಿಸಿ ಹೋದರು; ತಿದ್ದುವ ಕೆಲಸ ಆ ಲೇಖನಗಳನ್ನು ಕೇಳದೇ ಇದ್ದ ಬೆರಳೆಣಿಕೆಯ ಸ್ವಯಂಸೇವಕರ ತಲೆಗೆ ಬಂತು. ಆ ಉಪಕರಣವನ್ನೇ 2019ರ ಡಿಸೆಂಬರಿನಲ್ಲಿ ಮುಚ್ಚಿದರು.

ಇನ್ನೊಂದು ತುದಿಯ ನಿರ್ಧಾರ ಮೊಜಿಲ್ಲಾದವರದ್ದು. ಜಾಲತಾಣ ಕಟ್ಟುವವರಿಗೆಲ್ಲ ಆಧಾರವಾದ ಎಂ.ಡಿ.ಎನ್. ಎಂಬ ಕೈಪಿಡಿಯನ್ನು 2020ರ ಡಿಸೆಂಬರಿನಲ್ಲಿ ಹೊಸ ವ್ಯವಸ್ಥೆಗೆ ಸಾಗಿಸುವಾಗ ಎಲ್ಲ ಅನುವಾದಗಳನ್ನೂ ಇದ್ದಲ್ಲಿಗೆ ನಿಲ್ಲಿಸಿದರು. ಮುಂದೆ, ನೋಡಿಕೊಳ್ಳುತ್ತೇವೆಂದು ಸ್ವಯಂಸೇವಕರ ತಂಡ ಮುಂದೆ ಬಂದ ಕೆಲವೇ ಭಾಷೆಗಳನ್ನು ಮತ್ತೆ ತೆರೆದು, ಉಳಿದ ಹಲವು ಭಾಷೆಗಳ ಪುಟಗಳನ್ನು ತೆಗೆದುಹಾಕಿದರು. ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಹೀಗೆ ಮಾಯವಾದದ್ದು ಕಟುವಾಗಿಯೇ ಕಾಣುತ್ತದೆ. ಆದರೆ ಸುರಕ್ಷತೆಯ ನಿಯಮಗಳು ವರ್ಷ ವರ್ಷ ಬದಲಾಗುವ ಕ್ಷೇತ್ರದಲ್ಲಿ ಹಳೆಯ ಪಾಠವನ್ನು ಹೊಸಬರಿಗೆ ಕಲಿಸುವುದಕ್ಕಿಂತ ಅದು ವಾಸಿ ಎನ್ನದೆ ವಿಧಿಯಿಲ್ಲ.

ಈಗ ಯಂತ್ರವೇ ಅನುವಾದಿಸುತ್ತದಲ್ಲ, ಪ್ರತಿಸಲವೂ ಹೊಸದಾಗಿ ಮಾಡಿಸಿಕೊಂಡರೆ ಹಳಸುವ ಪ್ರಶ್ನೆ ಎಲ್ಲಿ ಎಂಬ ಮಾತು ಕೇಳಿಬರುತ್ತದೆ. ಗೂಗಲ್ ಯಂತ್ರಾನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನಿನಲ್ಲಿ. ಅಂದಿಗೂ ಇಂದಿಗೂ ಅದರ ಗುಣಮಟ್ಟದಲ್ಲಿ ಅಜಗಜಾಂತರವಿದೆ. ಒಮ್ಮೆ ಓದಿ ಅರ್ಥ ಮಾಡಿಕೊಳ್ಳಲು ಧಾರಾಳವಾಗಿ ಸಾಕು. ಆದರೆ ಕೈಪಿಡಿ ಓದುವವನು ಒಂದು ಕಣ್ಣನ್ನು ಪರದೆಯ ಮೇಲೆ ಇಟ್ಟಿರುತ್ತಾನೆ. ಪರದೆಯ ಗುಂಡಿಯ ಮೇಲೆ ‘ಉಳಿಸು’ ಎಂದಿದ್ದು ಕೈಪಿಡಿಯಲ್ಲಿ ‘ಸಂಗ್ರಹಿಸು’ ಒತ್ತಿ ಎಂದಿದ್ದರೆ, ಎರಡೂ ಒಳ್ಳೆಯ ಕನ್ನಡವೇ, ಆದರೆ ಅವನು ‘ಸಂಗ್ರಹಿಸು’ವನ್ನು ಹುಡುಕುತ್ತಲೇ ಇರುತ್ತಾನೆ. ‘ಕಡತ’ವೋ ‘ಫೈಲ್’ ಎಂಬುದೋ, ‘ಗುಪ್ತಪದ’ವೋ ‘ಪಾಸ್‌ವರ್ಡ್’ ಎಂಬುದೋ ಎಂಬ ಹಳೆಯ ಚರ್ಚೆಗಿಂತ ಮುಖ್ಯವಾದದ್ದು, ಪರದೆಯೂ ಪುಟವೂ ಒಂದೇ ಪದವನ್ನು ಬಳಸುವುದು. ಯಂತ್ರ ಮೂಲವನ್ನು ನೋಡುತ್ತದೆ, ಓದುಗನ ಪರದೆಯನ್ನು ನೋಡುವುದಿಲ್ಲ. ಯಂತ್ರ ಮಾಡಿದ ಕರಡನ್ನು ಪರದೆಯ ಜೊತೆ ತಾಳೆ ಹಾಕುವ ಕೆಲಸಕ್ಕೆ ಮನುಷ್ಯ ಕುಳಿತರೆ ಅವನ ಭಾನುವಾರ ಅರ್ಧದಷ್ಟು ಉಳಿದೀತು, ಪೂರ್ತಿ ಅಲ್ಲ.

ಹಾಗಾದರೆ ಮಾಡಬಹುದಾದದ್ದು ಏನು? ಕಡಿಮೆ ಅನುವಾದಿಸಿ, ಅಷ್ಟನ್ನು ನೋಡಿಕೊಳ್ಳುವುದು. ನೂರು ಪುಟಗಳ ಕೈಪಿಡಿಯಲ್ಲಿ ಜನ ನಿಜಕ್ಕೂ ಹುಡುಕಿಕೊಂಡು ಬರುವುದು ಹತ್ತು ಪುಟಗಳಿಗೆ. ಕನ್ನಡ ಬರೆಯುವುದು ಹೇಗೆ, ಮರೆತ ಗುಪ್ತಪದವನ್ನು ಮರಳಿ ಪಡೆಯುವುದು ಹೇಗೆ, ಅಳಿಸಿದ್ದು ಎಲ್ಲಿ ಸಿಗುತ್ತದೆ, ಮೋಸದ ಸಂದೇಶವನ್ನು ಗುರುತಿಸುವುದು ಹೇಗೆ. ಈ ಹತ್ತಕ್ಕೆ ಇಬ್ಬರ ಹೆಸರು ಇರಲಿ, ಒಬ್ಬರು ಬಿಟ್ಟರೆ ಇನ್ನೊಬ್ಬರು. ಪ್ರತಿ ಪುಟದ ಮೊದಲ ಸಾಲಿನಲ್ಲೇ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಲ್ಲ, ಇದು ಯಾವ ಆವೃತ್ತಿಗೆ, ಯಾವ ತಿಂಗಳು ತಾಳೆ ನೋಡಿದ್ದು ಎಂದು ಬರೆಯಲಿ. ಚಿತ್ರಗಳು ಕಡಿಮೆ ಇರಲಿ. ಪರದೆಯ ಚಿತ್ರ ವಾಕ್ಯಕ್ಕಿಂತ ಬೇಗ ಹಳಸುತ್ತದೆ, ತಿದ್ದಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಗದಿದ್ದ ದಿನ, ‘ಈ ಪುಟವನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ’ ಎಂದು ಬರೆದು ಬಿಡುವುದಕ್ಕೆ ನಾಚಿಕೆ ಬೇಡ.

ಕರಾವಳಿಯವರಿಗೆ ಇದೇ ಕೆಲಸ ತುಳುವಿನ ರೂಪದಲ್ಲಿ ಬಾಗಿಲಿಗೆ ಬಂದಿದೆ. 2016ರ ಆಗಸ್ಟಿನಲ್ಲಿ ತೆರೆದುಕೊಂಡ ತುಳು ವಿಕಿಪೀಡಿಯ ಕನ್ನಡ ಲಿಪಿಯಲ್ಲಿದೆ; ತುಳು ಬರೆಯುವುದು ಹೇಗೆ ಎಂದು ಹೇಳುವ ಸೂಚನೆಗಳೆಲ್ಲ ಕನ್ನಡ ಕೀಲಿಮಣೆಯನ್ನೇ ನಂಬಿವೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿ ತುಳು-ತಿಗಳಾರಿ ಲಿಪಿಗೂ ಸ್ಥಾನ ಕೊಟ್ಟಿತು. ಫಾಂಟುಗಳು, ಕೀಲಿಮಣೆಗಳು, ದೂರವಾಣಿಗಳು ಅದನ್ನು ಒಂದೊಂದಾಗಿ ಒಳಗೊಳ್ಳುತ್ತಾ ಹೋದಂತೆ, ‘ಇಂಥ ಫೋನಿನಲ್ಲಿ ಮೂಡುತ್ತದೆ, ಇಂಥದ್ದರಲ್ಲಿ ಇಲ್ಲ’ ಎಂದು ಬರೆದ ಪುಟ ಕೆಲವೇ ತಿಂಗಳಲ್ಲಿ ಹಳತಾಗಲಿದೆ. ಅಕ್ಷರಮಾಲೆಯ ಪುಟವನ್ನು ಒಂದು ಕಡೆ, ಅಳವಡಿಸುವ ವಿಧಾನವನ್ನು ಬೇರೊಂದು ಕಡೆ ತಿಂಗಳು ಇಸವಿ ಸಮೇತ ಬರೆದಿಡಲು, ಪುಟಗಳ ಸಂಖ್ಯೆ ಇನ್ನೂ ಕಡಿಮೆ ಇರುವ ಈ ಹೊತ್ತೇ ಅನುಕೂಲ.